ಕಡತದೊಳಗಿನ ಹದಿನಾರಾಣೆ ಸತ್ಯ



'ಅವನು ಹೇಳಿದ್ದು ಹದಿನಾರಾಣೆ ಸತ್ಯ' ಎಂದು ಮನೆಯ ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಸತ್ಯಕ್ಕೂ ಹದಿನಾರು ಆಣೆಗೂ ಏನು ಸಂಬಂಧ? ಹಿಂದೆ ನಮ್ಮಲ್ಲಿ ಒಂದು ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ಪೈಸೆಯ ಹೊಸ ಲೆಕ್ಕ ಜಾರಿಗೆ ಬಂತು. ಅಲ್ಲಿಯವರೆಗೆ ಹದಿನಾರಾಣೆ ಎಂದರೆ ಪೂರ್ತಿ ಒಂದು ರೂಪಾಯಿ, ಎಳ್ಳಷ್ಟೂ ಕಡಿಮೆಯಿಲ್ಲ ಎಂದರ್ಥ. ಆಣೆ ಹೋಯಿತು, ಮಾತು ಉಳಿಯಿತು.

ಆದರೆ ಹದಿನಾರರ ಲೆಕ್ಕ ಪೂರ್ತಿಯಾಗಿ ಹೋಗಿಲ್ಲ. ಕಂಪ್ಯೂಟರಿನ ಒಳಗೆ ಏನಿದೆ ಎಂದು ಇಣುಕಿ ನೋಡುವವರು ಇಂದಿಗೂ ಹದಿನಾರರಲ್ಲೇ ಎಣಿಸುತ್ತಾರೆ. ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮಾಡಿದ ಒಂದು ಒಳ್ಳೆಯ ಕೆಲಸ ಇನ್ನೇನು ಕಸದ ಬುಟ್ಟಿ ಸೇರುವುದರಲ್ಲಿತ್ತು. ಅದನ್ನು ಉಳಿಸಿದ್ದು ಇದೇ ಹದಿನಾರರ ಲೆಕ್ಕ. ಆ ಕತೆ ಹೇಳುವ ಮೊದಲು ನಿಮಗೆ ಒಂದು ಉಪಕರಣವನ್ನು ಪರಿಚಯಿಸಬೇಕು. ಅದು ಮಸೂರದಂಥ ಉಪಕರಣ. ಆದರೆ ಗಾಜಿನದಲ್ಲ, ಮೂರಕ್ಷರದ ಒಂದು ಆದೇಶ.

ಚೀಟಿ ಮತ್ತು ಜ್ವಾಲೆ

ನಾನು ಜಿಲ್ಲೆಯ ಶಾಲೆಗಳಿಗೆ ಹೋಗಿ ವಿಜ್ಞಾನದ ಪ್ರಯೋಗಗಳನ್ನು ಮಾಡಿ ತೋರಿಸುವ ಶಿಕ್ಷಕಿ. ನನ್ನ ಚೀಲದಲ್ಲಿ ಮಸೂರ, ಆಯಸ್ಕಾಂತ, ಲಿಟ್ಮಸ್ ಕಾಗದ ಇವುಗಳ ಜೊತೆಗೆ ಒಂದು ಹಳೆಯ ಲ್ಯಾಪ್‌ಟಾಪ್ ಕೂಡ ಇರುತ್ತದೆ. ನಾನು ಓದಿದ್ದು ರಸಾಯನಶಾಸ್ತ್ರ. ಎಂ.ಎಸ್ಸಿ. ಓದುವಾಗ ನಮಗೆ ಪ್ರಯೋಗಾಲಯದಲ್ಲಿ ಹೆಸರಿಲ್ಲದ ಬಿಳಿ ಪುಡಿಗಳನ್ನು ಕೊಡುತ್ತಿದ್ದರು. ಇದು ಯಾವ ಲವಣ ಎಂದು ಕಂಡುಹಿಡಿಯಬೇಕು. ನೋಡಲು ಎಲ್ಲವೂ ಅಡುಗೆ ಉಪ್ಪಿನಂತೆಯೇ. ತಂತಿಯ ತುದಿಯಲ್ಲಿ ಚೂರು ಪುಡಿ ತೆಗೆದುಕೊಂಡು ಜ್ವಾಲೆಗೆ ಹಿಡಿದರೆ ಗುಟ್ಟು ರಟ್ಟಾಗುತ್ತಿತ್ತು. ಸೋಡಿಯಂ ಇದ್ದರೆ ಜ್ವಾಲೆ ಬಂಗಾರದ ಹಳದಿ. ಸ್ಟ್ರಾನ್ಷಿಯಂ ಇದ್ದರೆ ಕಡುಗೆಂಪು. ತಾಮ್ರ ಇದ್ದರೆ ಹಸಿರು.

ಸೀಸೆಯ ಮೇಲೆ ಅಂಟಿಸಿದ ಚೀಟಿ ಒಂದು ಹೇಳಿಕೆ ಮಾತ್ರ. ಚೀಟಿ ಬದಲಾಗಿರಬಹುದು, ಕಿತ್ತುಹೋಗಿರಬಹುದು. ಜ್ವಾಲೆಯ ಬಣ್ಣ ಹಾಗಲ್ಲ, ಅದು ಸಾಕ್ಷ್ಯ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕಂಪ್ಯೂಟರಿನಲ್ಲಿ ನಾವು ಉಳಿಸಿಡುವ ಚಿತ್ರ, ಹಾಡು, ಬರಹ ಎಲ್ಲಕ್ಕೂ ಕಡತ ಅಥವಾ ಫೈಲು ಎನ್ನುತ್ತೇವೆ. ಪ್ರತಿ ಕಡತಕ್ಕೂ ಒಂದು ಹೆಸರು. ಹೆಸರಿನ ಕೊನೆಗೆ ಒಂದು ಚುಕ್ಕೆ, ಚುಕ್ಕೆಯ ನಂತರ ಮೂರೋ ನಾಲ್ಕೋ ಅಕ್ಷರ. ಜೆಪಿಜಿ ಎಂದಿದ್ದರೆ ಚಿತ್ರ, ಟಿಎಕ್ಸ್‌ಟಿ ಎಂದಿದ್ದರೆ ಬರಹ. ಇದು ಸೀಸೆಯ ಮೇಲಿನ ಚೀಟಿ ಇದ್ದಂತೆ.

ಒಮ್ಮೆ ಏಳನೇ ತರಗತಿಯ ಹುಡುಗನೊಬ್ಬ ಕೇಳಿದ: "ಮಿಸ್, ಫೈಲಿನ ಹೆಸರು ಬದಲಾಯಿಸಿದರೆ ಒಳಗಿರೋದೂ ಬದಲಾಗುತ್ತಾ?"

ಎಷ್ಟು ಒಳ್ಳೆಯ ಪ್ರಶ್ನೆ! ಉತ್ತರ ಹೇಳದೆ ಎಲ್ಲರ ಕೈ ಎತ್ತಿಸಿದೆ. ಅರ್ಧದಷ್ಟು ಮಕ್ಕಳು 'ಬದಲಾಗುತ್ತದೆ' ಎಂದರು, ಉಳಿದವರು 'ಇಲ್ಲ' ಎಂದರು. ಸರಿ, ಮಾಡಿಯೇ ನೋಡೋಣ ಎಂದು ಶಾಲೆಯ ಬೇವಿನ ಮರದ ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆವು. ಕಡತದ ಹೆಸರಿನ ಕೊನೆಯಲ್ಲಿದ್ದ ಜೆಪಿಜಿ ತೆಗೆದು ಟಿಎಕ್ಸ್‌ಟಿ ಎಂದು ಬರೆದೆವು. ಅದನ್ನು ಬರಹ ಓದುವ ತಂತ್ರಾಂಶದಲ್ಲಿ ತೆರೆದಾಗ ಬೇವಿನ ಮರ ಕಾಣಲಿಲ್ಲ. ಪರದೆಯ ತುಂಬ ಅರ್ಥವಿಲ್ಲದ ಗೀಚು ಬಂತು. 'ಬದಲಾಗುತ್ತದೆ' ಎಂದವರು ಚಪ್ಪಾಳೆ ತಟ್ಟಿದರು. ಆದರೆ ತೀರ್ಪು ಕೊಡಲು ಅವಸರ ಬೇಡ. ಜ್ವಾಲೆಯ ಪರೀಕ್ಷೆ ಇನ್ನೂ ಆಗಿರಲಿಲ್ಲ.

ಮೂಟೆ ಬಿಚ್ಚಿ ಸುರಿಯುವುದು

ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಅದರಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆಯಬಹುದು. ಅಲ್ಲಿ ಚಿತ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ನಾವು ಒಂದು ಸಾಲು ಆದೇಶ ಬರೆದು ಎಂಟರ್ ಒತ್ತಬೇಕು, ಯಂತ್ರ ಅದರಂತೆ ಮಾಡುತ್ತದೆ. ಎಕ್ಸ್, ಎಕ್ಸ್, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆದು, ಒಂದು ತೆರಪು ಬಿಟ್ಟು, ಕಡತದ ಹೆಸರು ಬರೆದರೆ ಆ ಕಡತದೊಳಗೆ ಇರುವುದೆಲ್ಲ ಇದ್ದದ್ದು ಇದ್ದಂತೆ ಪರದೆಯ ಮೇಲೆ ಬಂದು ಬೀಳುತ್ತದೆ. ಮೂಟೆ ಬಿಚ್ಚಿ ರಾಗಿಯನ್ನು ಕಣದಲ್ಲಿ ಸುರಿದಂತೆ! ಅದಕ್ಕೇ ಇಂಥ ಆದೇಶಗಳಿಗೆ 'ಡಂಪ್' ಎಂಬ ಹೆಸರು ಬಂದಿದೆ.

ಇದು ಹೊಸ ಯೋಚನೆಯೇನಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಸಂಗಡಿಗರು ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸಿದರು. 1971ರ ನವೆಂಬರ್‌ನಲ್ಲಿ ಬಂದ ಅದರ ಮೊದಲ ಕೈಪಿಡಿಯಲ್ಲೇ 'ಓಡಿ' ಎಂಬ ಇಂಥ ಆದೇಶವಿತ್ತು. ಅದು ಎಂಟರ ಲೆಕ್ಕದಲ್ಲಿ ಸುರಿಯುತ್ತಿತ್ತು. ಇಂದಿನ ಲಿನಕ್ಸ್‌ನಲ್ಲೂ ಅದು ಉಳಿದುಕೊಂಡಿದೆ. ನಾನು ಬಳಸುವ ಎಕ್ಸ್‌ಎಕ್ಸ್‌ಡಿ ಅದರ ನಂತರ ಬಂದದ್ದು. ಇದು ಹದಿನಾರರ ಲೆಕ್ಕದಲ್ಲಿ ಸುರಿಯುತ್ತದೆ.

ಪರದೆಯ ಮೇಲೆ ಮೂರು ಭಾಗಗಳು ಕಾಣುತ್ತವೆ. ಎಡಗಡೆ ಸ್ಥಾನದ ಸಂಖ್ಯೆ, ಅಂದರೆ ಈ ಸಾಲು ಕಡತದಲ್ಲಿ ಎಷ್ಟನೆಯ ಜಾಗದಿಂದ ಶುರುವಾಗುತ್ತದೆ ಎಂಬುದು. ನಡುವೆ ಕಡತದ ನಿಜವಾದ ಸರಕು, ಸಾಲಿಗೆ ಹದಿನಾರು ಬೈಟ್‌ಗಳಂತೆ. ಬಲಗಡೆ ಅದೇ ಹದಿನಾರನ್ನು ಇಂಗ್ಲಿಷ್ ಅಕ್ಷರವೆಂದು ಓದಿದರೆ ಹೇಗೆ ಕಾಣುತ್ತದೆ ಎಂಬುದು. ಓದಲಾಗದ ಕಡೆ ಒಂದು ಚುಕ್ಕೆ.

ಬೈಟ್ ಎಂದರೇನು? ಎಂಟು ಸ್ವಿಚ್ಚುಗಳ ಒಂದು ಸಾಲನ್ನು ಊಹಿಸಿಕೊಳ್ಳಿ. ಪ್ರತಿಯೊಂದೂ ಒಂದೋ ಹತ್ತಿರುತ್ತದೆ, ಇಲ್ಲವೇ ಆರಿರುತ್ತದೆ. ಎಂಟು ಸ್ವಿಚ್ಚುಗಳನ್ನು ಒಟ್ಟು 256 ಬಗೆಯಲ್ಲಿ ಇಡಬಹುದು (ಎರಡನ್ನು ಎಂಟು ಸಲ ಗುಣಿಸಿ ನೋಡಿ). ಹಾಗಾಗಿ ಒಂದು ಬೈಟ್ 0ಯಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಹಿಡಿದಿಡಬಲ್ಲದು. ಕಂಪ್ಯೂಟರಿನಲ್ಲಿರುವ ಪ್ರತಿ ಕಡತವೂ ಇಂಥ ಬೈಟ್‌ಗಳ ಉದ್ದನೆಯ ಸಾಲು. ಬೇವಿನ ಮರವೂ ಅಷ್ಟೇ, ಜನಪದ ಗೀತೆಯೂ ಅಷ್ಟೇ, ನಿಮ್ಮ ಅಂಕಪಟ್ಟಿಯೂ ಅಷ್ಟೇ.

ಆಣೆ ಲೆಕ್ಕದ ಪಾಠ

ಈಗ ಹದಿನಾರಾಣೆಗೆ ಬರೋಣ. ಎಕ್ಸ್‌ಎಕ್ಸ್‌ಡಿ ಪ್ರತಿ ಬೈಟನ್ನೂ ಎರಡು ಅಂಕೆಗಳಲ್ಲಿ ಬರೆಯುತ್ತದೆ. ಎಡಗಡೆಯ ಅಂಕೆ ರೂಪಾಯಿ, ಬಲಗಡೆಯದು ಆಣೆ ಎಂದುಕೊಳ್ಳಿ. 14 ಎಂದಿದ್ದರೆ ಒಂದು ರೂಪಾಯಿ ನಾಲ್ಕಾಣೆ. ಒಟ್ಟು ಎಷ್ಟು ಆಣೆ? 16ಕ್ಕೆ 4 ಕೂಡಿಸಿದರೆ 20. ಹಾಗೆಯೇ 41 ಎಂದರೆ ನಾಲ್ಕು ರೂಪಾಯಿ ಒಂದಾಣೆ, ಅಂದರೆ 65.

ಒಂದು ತೊಡಕಿದೆ. ಹದಿನಾರು ಆಣೆಯಾದರೆ ರೂಪಾಯಿಯಾಗಿಬಿಡುತ್ತದೆ. ಆದರೆ ಹತ್ತರಿಂದ ಹದಿನೈದು ಆಣೆಯವರೆಗೆ ಒಂದೇ ಅಂಕೆಯಲ್ಲಿ ಬರೆಯುವುದು ಹೇಗೆ? ನಮ್ಮ ಬಳಿ 9ರ ನಂತರ ಒಂಟಿ ಅಂಕೆಗಳಿಲ್ಲ. ಅದಕ್ಕಾಗಿ ಇಂಗ್ಲಿಷ್ ವರ್ಣಮಾಲೆಯ ಮೊದಲ ಆರು ಅಕ್ಷರಗಳನ್ನು ಕಡ ತಂದಿದ್ದಾರೆ. ಎ ಎಂದರೆ 10, ಬಿ ಎಂದರೆ 11, ಸಿ 12, ಡಿ 13, ಇ 14, ಎಫ್ 15. ಈ ಲೇಖನದಲ್ಲಿ ಅವನ್ನು ಕನ್ನಡದಲ್ಲೇ ಬರೆದಿದ್ದೇನೆ. ಹಾಗಾದರೆ ಎಫ್‌ಎಫ್ ಎಂದರೆ? ಹದಿನೈದು ರೂಪಾಯಿ ಹದಿನೈದಾಣೆ. 15 ಗುಣಿಸು 16, ಅದಕ್ಕೆ 15 ಕೂಡಿಸಿ. ಉತ್ತರ 255. ಬೈಟಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೂ ಅದೇ! ಎರಡೇ ಅಂಕೆಯಲ್ಲಿ ಬೈಟಿನ ಎಲ್ಲ 256 ಸಂಖ್ಯೆಗಳೂ ಸರಿಯಾಗಿ ಹಿಡಿಸುತ್ತವೆ, ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ಕಂಪ್ಯೂಟರಿನವರು ಹದಿನಾರರ ಲೆಕ್ಕವನ್ನು ಮೆಚ್ಚಿಕೊಳ್ಳಲು ಇದೇ ಕಾರಣ. ಇದಕ್ಕೆ ಷೋಡಶಮಾನ ಪದ್ಧತಿ ಎಂದು ಹೆಸರು.

ಮತ್ತೆ ಬೇವಿನ ಮರಕ್ಕೆ ಬರೋಣ. ಇಪ್ಪತ್ತು ಲಕ್ಷ ಬೈಟ್‌ಗಳ ಒಂದು ಫೋಟೋವನ್ನು ಪೂರ್ತಿ ಸುರಿದರೆ 1,25,000 ಸಾಲುಗಳಾಗುತ್ತವೆ. ಅಷ್ಟು ಬೇಡ. ಆದೇಶಕ್ಕೂ ಕಡತದ ಹೆಸರಿಗೂ ನಡುವೆ ಒಂದು ಅಡ್ಡಗೆರೆ, ಎಲ್ ಎಂಬ ಸಣ್ಣ ಅಕ್ಷರ, ತೆರಪು, ಆಮೇಲೆ 32 ಎಂದು ಸೇರಿಸಿದರೆ ಮೊದಲ 32 ಬೈಟ್‌ಗಳು ಮಾತ್ರ ಬರುತ್ತವೆ. ನಾವು ಹಾಗೆಯೇ ಮಾಡಿದೆವು. ಹೆಸರು ಬದಲಾಯಿಸಿದ ಕಡತದಲ್ಲಿ ಮೊದಲು ಕಂಡದ್ದು ಹೀಗಿತ್ತು: ಎಫ್‌ಎಫ್, ಡಿ8, ಎಫ್‌ಎಫ್. ಹಳೆಯ ಹೆಸರನ್ನು ವಾಪಸು ಕೊಟ್ಟು ಮತ್ತೆ ನೋಡಿದೆವು. ಅದೇ ಎಫ್‌ಎಫ್, ಡಿ8, ಎಫ್‌ಎಫ್. ಒಂದು ಬೈಟೂ ಅಲುಗಿರಲಿಲ್ಲ. ಮರ ಮತ್ತೆ ಪರದೆಯ ಮೇಲೆ ನಿಂತಿತು.

ಜೆಪಿಜಿ ಚಿತ್ರಗಳೆಲ್ಲ ಶುರುವಾಗುವುದು ಈ ಮೂರು ಬೈಟ್‌ಗಳಿಂದಲೇ. ಪಿಎನ್‌ಜಿ ಎಂಬ ಇನ್ನೊಂದು ಬಗೆಯ ಚಿತ್ರವಾದರೆ 89, 50, 4ಇ, 47 ಎಂದು ಶುರುವಾಗುತ್ತದೆ. ಅದರಲ್ಲಿ ಕೊನೆಯ ಮೂರು ಬೈಟ್‌ಗಳು ಪಿ, ಎನ್, ಜಿ ಅಕ್ಷರಗಳೇ! ಬಲಗಡೆಯ ಭಾಗದಲ್ಲಿ ಅವು ನೇರವಾಗಿ ಕಾಣುತ್ತವೆ. ಜಿಪ್ ಕಡತಗಳ ಆರಂಭದಲ್ಲಿ 50, 4ಬಿ, ಅಂದರೆ ಪಿ ಮತ್ತು ಕೆ ಇರುತ್ತವೆ. ಅದು ಆ ಬಗೆಯ ಕಡತವನ್ನು ರೂಪಿಸಿದ ಫಿಲ್ ಕಾಟ್ಜ್ ಎಂಬಾತನ ಹೆಸರಿನ ಮೊದಲಕ್ಷರಗಳು. ಜ್ವಾಲೆಯ ಬಣ್ಣ ಲವಣವನ್ನು ತೋರಿಸಿಕೊಟ್ಟಂತೆ ಮೊದಲ ಕೆಲವು ಬೈಟ್‌ಗಳು ಕಡತದ ಜಾತಕ ಹೇಳಿಬಿಡುತ್ತವೆ.

ಇನ್ನೊಂದು ಮಾತು. ಫೋನಿನಲ್ಲಿ ತೆಗೆದ ಫೋಟೋದ ಇನ್ನಷ್ಟು ಸಾಲುಗಳನ್ನು ನೋಡಿದರೆ ಬಲಗಡೆಯಲ್ಲಿ ಅನೇಕ ಸಲ ಫೋನಿನ ಕಂಪನಿಯ ಹೆಸರು, ಫೋಟೋ ತೆಗೆದ ದಿನಾಂಕ ಮತ್ತು ವೇಳೆ ಓದಲು ಸಿಗುತ್ತವೆ. ತೆಗೆದ ಸ್ಥಳವೂ ಸಂಖ್ಯೆಗಳ ರೂಪದಲ್ಲಿ ಒಳಗೆ ಇರಬಹುದು. ಚಿತ್ರವನ್ನು ಬರಿಗಣ್ಣಿನಿಂದ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ. ಆದ್ದರಿಂದ ಫೋಟೋಗಳನ್ನು ಗುರುತಿಲ್ಲದವರಿಗೆ ಕಳಿಸುವ ಮುನ್ನ ಯೋಚಿಸಿ.

ಅಕ್ಷರಕ್ಕೂ ಒಂದು ಸಂಖ್ಯೆ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಎಲ್ಲರೂ ಒಪ್ಪಿಕೊಂಡ ಒಂದು ಪಟ್ಟಿ ಬೇಕು. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಪಟ್ಟಿ ಬಂತು. ಅದರಲ್ಲಿ ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ 65, ಅಂದರೆ ನಮ್ಮ ನಾಲ್ಕು ರೂಪಾಯಿ ಒಂದಾಣೆ, 41. ದೊಡ್ಡ ಬಿ 42, ಸಿ 43, ಹೀಗೆ ಸಾಲಾಗಿ. ಪದಗಳ ನಡುವಿನ ತೆರಪಿಗೂ ಒಂದು ಸಂಖ್ಯೆ, 20. ಅಂಕೆಗಳು 30ರಿಂದ 39ರವರೆಗೆ. 7 ಎಂಬ ಅಂಕೆಗೆ 37. ಸಾಲು ಮುಗಿಯಿತು ಎಂದು ಹೇಳಲು 0ಎ. ವಿಂಡೋಸ್‌ನಲ್ಲಿ ಮಾಡಿದ ಬರಹಗಳಲ್ಲಿ ಸಾಲಿನ ಕೊನೆಗೆ 0ಡಿ, 0ಎ ಎಂದು ಜೋಡಿಯಾಗಿ ಬರುವುದು ವಾಡಿಕೆ.

ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಹಾಗೆಂದು ನಮ್ಮವರು ಸುಮ್ಮನೆ ಕೂರಲಿಲ್ಲ. ಒಂದು ಜಾಣತನದ ಉಪಾಯ ಮಾಡಿದರು. ಬೈಟಿನೊಳಗೆ ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಚಿಹ್ನೆಗಳ ಸಂಖ್ಯೆಗಳನ್ನೇ ಇಟ್ಟು, ಆ ಸಂಖ್ಯೆ ಬಂದಾಗ ಪರದೆಯ ಮೇಲೆ ಕನ್ನಡದ ಆಕಾರ ಮೂಡುವಂತೆ ಅಕ್ಷರಶೈಲಿಗಳನ್ನು, ಅಂದರೆ ಫಾಂಟುಗಳನ್ನು, ತಯಾರಿಸಿದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ 'ಕನ್ನಡ' ಎಂದು ಬರೆದರೆ ಒಳಗೆ ಕೂರುವುದು ಏಳು ಬೈಟ್‌ಗಳು: 50, ಸಿ0, ಎ3, ಸಿ0, ಡಿಎಫ್, 71, ಸಿ0. ಇದರಲ್ಲಿ ಸಿ0 ಮೂರು ಸಲ ಬಂದಿದೆ, ಗಮನಿಸಿದಿರಾ? ಅದು ತಲೆಕಟ್ಟಿನ ತುಣುಕು. 50 ಮತ್ತು ಸಿ0 ಸೇರಿದರೆ ಕ. ಎ3 ಮತ್ತು ಸಿ0 ಸೇರಿದರೆ ನ. ಡಿಎಫ್ ಎಂದರೆ ನ ಒತ್ತು. ಈ ಉಪಾಯದಿಂದ ಎಷ್ಟೋ ವರ್ಷ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ಶಾಲೆಗಳಲ್ಲಿ ಕನ್ನಡದ ಕೆಲಸ ನಡೆಯಿತು.

ಆದರೆ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ? ಬೈಟ್‌ಗಳು ಅವೇ. ಆದರೆ ಪರದೆಯ ಮೇಲೆ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಇಂಗ್ಲೆಂಡಿನ ಪೌಂಡ್ ಹಣದ ಚಿಹ್ನೆ, ಮತ್ತೆ ಓರೆಗೆರೆಯ ಎ, ಹೀಗೆ ಬರುತ್ತದೆ. ಕನ್ನಡ ಎಲ್ಲೂ ಕಾಣುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಆದ ಸಂಖ್ಯೆಗಳು ಸಿಕ್ಕವು. ಈ ಸಂಖ್ಯೆಗಳು 255ಕ್ಕಿಂತ ದೊಡ್ಡವು, ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇವನ್ನು ಬೈಟ್‌ಗಳಲ್ಲಿ ಜೋಡಿಸುವ ಯುಟಿಎಫ್-8 ಎಂಬ ವಿಧಾನವನ್ನು ರೂಪಿಸಿದರು. ಯೂನಿಕ್ಸ್ ಕಟ್ಟಿದ ಅದೇ ಥಾಂಪ್ಸನ್! ಈ ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಮೂರು ಬೈಟ್‌ಗಳು ಬೇಕು. ಕ ಎಂದರೆ ಇ0, ಬಿ2, 95.

ಕೆಟ್ಟುಹೋದ ಸೊಪ್ಪಿನ ಪಟ್ಟಿ

ಈಗ ಆ ಶಾಲೆಯ ಕತೆ. ಬಯಲುಸೀಮೆಯ ಆ ಊರಿನ ಶಾಲೆಯಲ್ಲಿ 2005ರ ಸುಮಾರಿಗೆ ಏಳನೇ ತರಗತಿಯ ಮಕ್ಕಳು ತಮ್ಮ ಮೇಷ್ಟರ ಜೊತೆ ಮನೆಮನೆಗೆ ಹೋಗಿ, ಅಜ್ಜಿಯರನ್ನು ಕೇಳಿ, ಹೊಲದ ಬದುಗಳಲ್ಲಿ ತಾವಾಗಿಯೇ ಬೆಳೆಯುವ ಸೊಪ್ಪುಗಳ ಪಟ್ಟಿ ಮಾಡಿದ್ದರು. ಸೊಪ್ಪಿನ ಹೆಸರು, ಸಿಗುವ ಕಾಲ, ಬೇಯಿಸುವ ಬಗೆ, ಹೇಳಿದವರ ಹೆಸರು ಎಲ್ಲ ಅದರಲ್ಲಿತ್ತು. ಬರೆದಿಟ್ಟ ಪುಸ್ತಕವನ್ನು ಗೆದ್ದಲು ತಿಂದಿತ್ತು. ಮೇಷ್ಟರು ನಿವೃತ್ತರಾಗಿ ತೀರಿಕೊಂಡಿದ್ದರು. ಆದರೆ ಅವರು ಅದನ್ನು ಟೈಪು ಮಾಡಿ ಒಂದು ಸಿ.ಡಿ.ಯಲ್ಲಿ ಇಟ್ಟಿದ್ದರು. ಬೀರು ಒಪ್ಪ ಮಾಡುವಾಗ ಅದು ಸಿಕ್ಕಿತು.

ನಾನು ಹೋದ ದಿನ ಅದನ್ನು ಆಗಲೇ ತೆರೆದು ನೋಡಿದ್ದರು. ಪರದೆಯ ತುಂಬ ಓರೆಗೆರೆಯ ಎ ಅಕ್ಷರಗಳು, ಪೌಂಡಿನ ಚಿಹ್ನೆಗಳು. "ಕೆಟ್ಟುಹೋಗಿದೆ ಮೇಡಂ, ವೈರಸ್ ಹೊಡೆದಿರಬೇಕು. ಬಿಸಾಕಿಬಿಡೋಣ" ಎಂದರು ಒಬ್ಬ ಶಿಕ್ಷಕರು. ಅವರ ಮಾತೂ ಸಹಜವೇ. ಗೀಚು ಕಂಡರೆ ಯಾರಿಗಾದರೂ ಹಾಗೇ ಅನಿಸುತ್ತದೆ. "ಹತ್ತು ನಿಮಿಷ ಕೊಡಿ ಸರ್, ಮಕ್ಕಳೂ ನೋಡಲಿ" ಎಂದೆ.

ಮೊದಲು ಕಡತದ ಒಂದು ನಕಲು ಮಾಡಿಕೊಂಡೆವು. ಪರೀಕ್ಷೆಯೇನಿದ್ದರೂ ನಕಲಿನ ಮೇಲೆ. ಆಮೇಲೆ ಎಕ್ಸ್‌ಎಕ್ಸ್‌ಡಿ ಆದೇಶ ಕೊಟ್ಟೆ. ಮಕ್ಕಳು ಪರದೆಗೆ ಮುಖ ಒತ್ತಿ ನಿಂತರು. ಅವರಿಗೆ ನಾನು ಕೊಟ್ಟ ಕೆಲಸ ಒಂದೇ: ಅರ್ಥ ಹುಡುಕಬೇಡಿ, ಮತ್ತೆ ಮತ್ತೆ ಬರುವುದನ್ನು ಹುಡುಕಿ.

"ಸಿ0 ತುಂಬಾ ಸಲ ಇದೆ ಮಿಸ್" ಎಂದಳು ಒಬ್ಬಳು. ಇನ್ನೊಬ್ಬ 20ನ್ನು ಕಂಡುಹಿಡಿದ. ಪದಗಳ ನಡುವಿನ ತೆರಪು! ಮತ್ತೊಬ್ಬಳಿಗೆ 0ಡಿ, 0ಎ ಜೋಡಿ ಕಂಡಿತು. ಅಲ್ಲಲ್ಲಿ ಸಾಲು ಮುಗಿಯುತ್ತಿತ್ತು ಎಂದಾಯಿತು. ಆ ಜೋಡಿಯ ಪಕ್ಕದಲ್ಲೇ 31, 2ಇ ಎಂದಿತ್ತು. 31 ಎಂದರೆ 1 ಎಂಬ ಅಂಕೆ, 2ಇ ಎಂದರೆ ಚುಕ್ಕೆ. ಬಲಗಡೆ ನೋಡಿದರೆ '1.' ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದಿನ ಸಾಲಿನ ಆರಂಭದಲ್ಲಿ '2.' ಇತ್ತು. ಮಕ್ಕಳು ಗಟ್ಟಿಯಾಗಿ ಎಣಿಸುತ್ತ ಹೋದರು. ಮೂರು, ನಾಲ್ಕು, ಹತ್ತು, ಮೂವತ್ತು... 52ರವರೆಗೆ ಒಂದು ಸಂಖ್ಯೆಯೂ ತಪ್ಪಿರಲಿಲ್ಲ.

ಇದರ ಅರ್ಥವೇನು, ನೀವೇ ಯೋಚಿಸಿ. ಕಡತ ನಿಜವಾಗಿ ಹಾಳಾಗಿದ್ದರೆ ಇಷ್ಟು ಅಚ್ಚುಕಟ್ಟಾದ ಕ್ರಮ ಉಳಿಯುತ್ತಿತ್ತೇ? ಒಂದರಿಂದ ಐವತ್ತೆರಡರವರೆಗೆ ಎಲ್ಲ ಸಾಲುಗಳೂ ಇವೆ. ಪದಗಳಿವೆ, ತೆರಪುಗಳಿವೆ. ತಲೆಕಟ್ಟಿನ ಸಿ0 ಎಲ್ಲ ಕಡೆ ಇದೆ. ಅಂದರೆ ಇದು ಹಳೆಯ ಅಕ್ಷರಶೈಲಿಯ ಕನ್ನಡ. ಕೆಟ್ಟಿರುವುದು ಕಡತವಲ್ಲ. ಹೊಸ ಯಂತ್ರಕ್ಕೆ ಅದನ್ನು ಓದುವ ಪಟ್ಟಿ ಗೊತ್ತಿಲ್ಲ, ಅಷ್ಟೇ.

ಹಳೆಯ ಅಕ್ಷರಶೈಲಿಯ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ನಕಲನ್ನು ಅದಕ್ಕೆ ಕೊಟ್ಟೆವು. ಕ್ಷಣದಲ್ಲಿ ಪರದೆಯ ಮೇಲೆ ಅಣ್ಣೆ ಸೊಪ್ಪು, ಹೊನಗೊನ್ನೆ, ಗಣಿಕೆ, ಕನ್ನೆ ಸೊಪ್ಪು, ಗೋಣಿ ಸೊಪ್ಪು, ಒಂದೆಲಗ ಎಲ್ಲ ಬಂದು ನಿಂತವು. ತರಗತಿಯಲ್ಲಿ ಒಂದೇ ಗದ್ದಲ. ಆರನೇ ತರಗತಿಯ ಒಬ್ಬಳು ಮಾತ್ರ ಸುಮ್ಮನೆ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದಳು. ಹೇಳಿದವರ ಹೆಸರಿನ ಜಾಗ ಅದು. "ನಮ್ಮಜ್ಜಿ ಮಿಸ್" ಎಂದಳು. ಅವಳು ಹುಟ್ಟುವ ಮೊದಲೇ ಆ ಅಜ್ಜಿ ತೀರಿಕೊಂಡಿದ್ದರಂತೆ. ಅಜ್ಜಿ ಹೇಳಿದ ಬೆರಕೆ ಸೊಪ್ಪಿನ ಸಾರು ಮಾಡುವ ಬಗೆಯನ್ನು ಅವಳು ತನ್ನ ನೋಟ್ ಪುಸ್ತಕಕ್ಕೆ ಬರೆದುಕೊಂಡಳು.

ಪರಿವರ್ತಕ ಕೆಲವು ಒತ್ತಕ್ಷರಗಳನ್ನು ತಪ್ಪಾಗಿ ಜೋಡಿಸಿತ್ತು. ಮಕ್ಕಳು ಊರಿನ ಹಿರಿಯರ ಬಳಿ ಹೋಗಿ ಒಂದೊಂದೇ ಹೆಸರನ್ನು ಸರಿಪಡಿಸಿಕೊಂಡು ಬಂದರು. ಮೂರು ಹೆಸರುಗಳು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವುಗಳಲ್ಲಿ ಎರಡನ್ನು ಕುರಿ ಕಾಯುವ ಒಬ್ಬ ಅಜ್ಜ ಹೊಲದಲ್ಲೇ ತೋರಿಸಿಕೊಟ್ಟರು. ಇನ್ನೊಂದನ್ನು ಮಕ್ಕಳು ಈಗಲೂ ಹುಡುಕುತ್ತಿದ್ದಾರೆ. (ತಿಳಿದ ಹಿರಿಯರು ಗುರುತಿಸಿ ಹೇಳದೆ ಯಾವ ಕಾಡು ಸೊಪ್ಪನ್ನೂ ಬಾಯಿಗೆ ಹಾಕಬೇಡಿ.) ಪಟ್ಟಿಯನ್ನು ಯೂನಿಕೋಡ್‌ನಲ್ಲಿ ಎರಡು ಕಡೆ ಉಳಿಸಿ, ಕಾಗದದ ಮೇಲೂ ಅಚ್ಚು ಹಾಕಿಸಿ ಶಾಲೆಯ ಗೋಡೆಗೆ ಹಾಕಿದ್ದಾರೆ. ಹಳೆಯ ಸಿ.ಡಿ.ಯನ್ನೂ ಬಿಸಾಕಿಲ್ಲ.

ನೀವೂ ಮಾಡಿ ನೋಡಿ

ನಿಮ್ಮ ಶಾಲೆಯಲ್ಲೋ ಹತ್ತಿರದ ಪ್ರೌಢಶಾಲೆಯಲ್ಲೋ ಲಿನಕ್ಸ್ ಇರುವ ಕಂಪ್ಯೂಟರ್ ಇದ್ದರೆ ಶಿಕ್ಷಕರ ಜೊತೆ ಕುಳಿತು ಇದನ್ನು ಮಾಡಬಹುದು. ವಿಂಡೋಸ್ ಇದ್ದರೆ ಪವರ್‌ಶೆಲ್ ಎಂಬ ಕಿಟಕಿಯಲ್ಲಿ 'ಫಾರ್ಮ್ಯಾಟ್-ಹೆಕ್ಸ್' ಎಂಬ ಆದೇಶ ಇದೇ ಕೆಲಸ ಮಾಡುತ್ತದೆ. ಎರಡು ಎಚ್ಚರಿಕೆಗಳು. ಮೊದಲನೆಯದು, ಯಾವಾಗಲೂ ನಕಲಿನ ಮೇಲೆ ಕೆಲಸ ಮಾಡಿ. ಎರಡನೆಯದು, ಎಕ್ಸ್‌ಎಕ್ಸ್‌ಡಿ ಆದೇಶದಲ್ಲಿ ಒಂದೇ ಒಂದು ಕಡತದ ಹೆಸರು ಬರೆಯಿರಿ. ಒಂದು ಹೆಸರಿದ್ದರೆ ಅದು ಬರೀ ನೋಡುತ್ತದೆ, ಏನನ್ನೂ ಬದಲಿಸುವುದಿಲ್ಲ. ಎರಡನೆಯ ಹೆಸರು ಬರೆದರೆ ನೋಡಿದ್ದನ್ನೆಲ್ಲ ಆ ಎರಡನೆಯ ಕಡತದೊಳಗೆ ಬರೆದುಬಿಡುತ್ತದೆ, ಅದರಲ್ಲಿದ್ದದ್ದು ಹೋಗುತ್ತದೆ.

ಲಿನಕ್ಸ್‌ನಲ್ಲಿ ಒಂದು ಹೊಸ ಕಡತ ತೆರೆದು ಯೂನಿಕೋಡ್‌ನಲ್ಲಿ 'ಕನ್ನಡ' ಎಂದು ಬರೆದು, ಕೊನೆಗೆ ಒಂದು ಸಲ ಸಾಲು ಮುಗಿಸಿ, ಉಳಿಸಿ. ಈಗ ಅದನ್ನು ಸುರಿದು ನೋಡಿ. ಹೀಗೆ ಬರಬೇಕು:

ಇ0 ಬಿ2 95 ಇ0 ಬಿ2 ಎ8 ಇ0 ಬಿ3 8ಡಿ ಇ0 ಬಿ2 ಎ8 ಇ0 ಬಿ2 ಎ1 0ಎ

ಮೂರು ಮೂರಾಗಿ ಓದಿ. ಕ, ನ, ಆಮೇಲೆ ಅರ್ಧಾಕ್ಷರದ ಗುರುತು, ಮತ್ತೆ ನ, ಕೊನೆಗೆ ಡ. ನೋಡಲು ಮೂರೇ ಅಕ್ಷರದ ಪದ, ಒಳಗೆ ಐದು ಸಂಕೇತಗಳು. ನ ಎರಡು ಸಲ ಬಂದಿದೆ. ನ್ನ ಎಂಬುದನ್ನು ಬಿಡಿಸಿ ಬರೆದಾಗ ವ್ಯಾಕರಣದ ಪಾಠದಲ್ಲಿ ಕಲಿತದ್ದನ್ನೇ ಯಂತ್ರವೂ ಮಾಡಿಟ್ಟುಕೊಂಡಿದೆ! ಐದು ಮೂರಲ ಹದಿನೈದು, ಸಾಲು ಮುಗಿದ ಗುರುತಿನ ಒಂದು ಬೈಟ್ ಸೇರಿ ಒಟ್ಟು ಎಷ್ಟು? ಸರಿಯಾಗಿ ಹದಿನಾರು. ಪೂರ್ತಿ ಒಂದು ಸಾಲು.

ಯಾರಾದರೂ 'ಇದು ಕೆಟ್ಟಿದೆ', 'ಇದರಲ್ಲಿ ಏನೂ ಇಲ್ಲ' ಎಂದಾಗ ಒಪ್ಪುವ ಮುನ್ನ ಒಂದು ಪ್ರಶ್ನೆ ಕೇಳಿ: ಒಳಗೆ ನೋಡಿದ್ದೀರಾ? ಬೀಜವಿರಲಿ, ಬಂಡೆಯಿರಲಿ, ಕಡತವಿರಲಿ, ವಿಜ್ಞಾನ ಶುರುವಾಗುವುದು ಈ ಪ್ರಶ್ನೆಯಿಂದಲೇ.

ಕೊನೆಗೆ ನಿಮಗೊಂದು ಒಗಟು. ಕೆಳಗಿನ ನಾಲ್ಕು ಬೈಟ್‌ಗಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಕನ್ನಡ ಪದ. ದೊಡ್ಡ ಎ ಅಕ್ಷರಕ್ಕೆ 41 ಎಂಬುದು ನೆನಪಿರಲಿ, 49ರ ನಂತರ 4ಎ ಬರುತ್ತದೆ ಎಂಬುದನ್ನೂ ಮರೆಯಬೇಡಿ.

4ಡಿ 41 4ಸಿ 45

ಸುಳಿವು ಬೇಕೇ? ಇದು ಬಂದರೆ ಹೊಲದ ಬದುವಿನಲ್ಲಿ ಐವತ್ತೆರಡು ಬಗೆಯ ಸೊಪ್ಪು ಚಿಗುರುತ್ತವೆ.